ಟೆಂಟಿನ ಮರಳಲ್ಲಿ ಸಿಕ್ಕಿದ ಪೊಟ್ಟಣ

ತುಮಕೂರು ರಸ್ತೆಯಲ್ಲಿ ಮೊದಲ ಪಾಳಿಯ ಕಾರ್ಖಾನೆ ಬಸ್ಸುಗಳು ಇನ್ನೂ ಓಡಾಡಲು ಶುರುಮಾಡಿಲ್ಲ. ಮಾಕಳಿ ಹತ್ತಿರದ ಟೂರಿಂಗ್ ಟಾಕೀಸಿನ ಒಳಗೆ ಚಿಕ್ಕಮುನಿಯಮ್ಮ ಸೀರೆಯನ್ನು ಮೇಲಕ್ಕೆತ್ತಿ ಕಟ್ಟಿ, ಹೆಂಗಸರ ಕಡೆಯ ಮರಳನ್ನು ಮಂಕರಿಗೆ ತುಂಬುತ್ತಿದ್ದಾರೆ. ತುಂಬಿದ್ದನ್ನು ಕಬ್ಬಿಣದ ಜರಡಿಗೆ ಸುರಿಯುತ್ತಾರೆ, ಸೊಂಟ ಆಡಿಸಿ ಜಾಲಿಸುತ್ತಾರೆ. ಮರಳು ಕೆಳಗೆ ಸುರಿದುಹೋಗುತ್ತದೆ. ಕಡಲೆಕಾಯಿ ಸಿಪ್ಪೆ, ಬೀಡಿ ತುಂಡು, ಕಿತ್ತಳೆ ಬೀಜ, ಒಣಗಿದ ಎಲೆಅಡಿಕೆಯ ಉಗುಳು ಜರಡಿಯ ಮೇಲೆ ಉಳಿಯುತ್ತವೆ.

ಮುಂದಿನ ಬೆಂಚಿನ ಮೇಲೆ ತಲೆಗೆ ಟವೆಲ್ ಸುತ್ತಿಕೊಂಡು ಟೆಂಟಿನ ಮ್ಯಾನೇಜರ್ ಆಂಜಿನಪ್ಪ ಕೂತಿದ್ದಾರೆ. ಅವರ ಕೈಯಲ್ಲಿ ಟೀ ಲೋಟ ಇದೆ, ಕಣ್ಣು ಮಾತ್ರ ಚಿಕ್ಕಮುನಿಯಮ್ಮನ ಕೈಯ ಮೇಲಿದೆ.

"ಏನದು?"

"ಕಿಲಿಪ್ಪು ಸಾಮಿ. ತಲೇಗೆ ಆಕ್ಕೊಳೋದು."

"ಆ ಕೈಲಿ?"

ಚಿಕ್ಕಮುನಿಯಮ್ಮ ಇನ್ನೊಂದು ಕೈಯನ್ನೂ ಬಿಡಿಸಿ ತೋರಿಸುತ್ತಾರೆ. ಅದರಲ್ಲಿ ಏನೂ ಇಲ್ಲ. ಆಂಜಿನಪ್ಪ ಟೀ ಗುಟುಕರಿಸುತ್ತಾರೆ. ಕ್ಲಿಪ್ಪು ತಗಡಿನ ಡಬ್ಬಿಗೆ ಬೀಳುತ್ತದೆ.

ಹೀಗೆ ಕಾವಲು ಕೂತು ಕೆಲಸ ಮಾಡಿಸುವುದು ಕಾರ್ತಿಕ ಮಾಸದಿಂದ ನಡೆದಿದೆ. ಅದಕ್ಕೆ ಮುಂಚೆ ಮೂರು ವರ್ಷ, ಅಂದರೆ ಎಪ್ಪತ್ತೆಂಟರಲ್ಲಿ ಈ ಟೆಂಟು ಬಂದಾಗಿನಿಂದ, ಚಿಕ್ಕಮುನಿಯಮ್ಮ ಒಬ್ಬರೇ ಬಂದು ಒಬ್ಬರೇ ಹೋಗುತ್ತಿದ್ದರು. ಆ ಹೊತ್ತಿಗೆ ಮ್ಯಾನೇಜರು ಹೊದ್ದು ಮಲಗಿರುತ್ತಿದ್ದರು. "ಸಂಬ್ಳ ಜಾಸ್ತಿ ಮಾಡಿ ಅಂತ ನಾನು ಕೇಳಲ್ಲ. ಇವ್ರು ಎದ್ದು ಬಂದು ಕೂತ್ಕೊಳ್ದಂಗೆ ಆದ್ರೆ ಸಾಕು," ಎನ್ನುತ್ತಾರೆ ಅವರು. ಮಾತು ಆಂಜಿನಪ್ಪನವರ ಕಿವಿಗೆ ಬೀಳುವಷ್ಟು ಜೋರಾಗಿಯೇ ಇರುತ್ತದೆ. ಆಂಜಿನಪ್ಪ ತಲೆಯ ಟವೆಲನ್ನು ಕಿವಿಯ ಮೇಲೆ ಎಳೆದುಕೊಳ್ಳುತ್ತಾರೆ.

ಟೆಂಟು ಕಾಣದವರಿಗೆ ಒಂದು ಮಾತು ಹೇಳಬೇಕು. ಇಲ್ಲಿ ಕುರ್ಚಿ ಇದೆ, ಬೆಂಚು ಇದೆ, ಆದರೆ ಮುಕ್ಕಾಲು ಪಾಲು ಜನ ಕೂರುವುದು ನೆಲದ ಮೇಲೆ, ಅಂದರೆ ಮರಳ ಮೇಲೆ. ಹಿಂದೆ ಕೂತವರಿಗೆ ಪರದೆ ಕಾಣುವುದಿಲ್ಲ. ಅದಕ್ಕೆ ಒಬ್ಬೊಬ್ಬರೂ ಅಕ್ಕಪಕ್ಕದ ಮರಳು ಬಾಚಿ ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರುತ್ತಾರೆ. ಆಗ ಅವರ ಹಿಂದಿನವರಿಗೆ ಕಾಣುವುದಿಲ್ಲ. ಅವರೂ ಗುಡ್ಡೆ ಮಾಡುತ್ತಾರೆ. ಕೊನೆಗೆ ಎಲ್ಲರೂ ಎತ್ತರದಲ್ಲಿ ಕೂತಿರುತ್ತಾರೆ, ಯಾರಿಗೂ ಸರಿಯಾಗಿ ಕಾಣುತ್ತಿರುವುದಿಲ್ಲ. ಬೆಳಗಾದರೆ ಒಳಗೆಲ್ಲ ಬರೀ ಗುಂಡಿ ಮತ್ತು ದಿಬ್ಬ. ಅದನ್ನು ಜರಡಿ ಹಿಡಿದು, ಹಲಗೆ ಎಳೆದು ಮಟ್ಟ ಮಾಡಿ, ನೀರು ಚಿಮುಕಿಸಿದ ಮೇಲೆ ಮ್ಯಾಟಿನಿಗೆ ಟೆಂಟು ಸಿದ್ಧ.

ಪೀಣ್ಯದಿಂದ ಈಚೆಗೆ ಶೆಡ್ಡುಗಳು ಏಳುತ್ತಿದ್ದಂತೆ ಹೊಸ ಸಂಸಾರಗಳು ದಿನವೂ ಬಂದಿಳಿಯುತ್ತಿವೆ. ಬಂದವರಿಗೆ ಮೊದಲು ಬೇಕಾಗುವುದು ನೀರಿನ ನಲ್ಲಿ. ಆಮೇಲೆ, ಊಟ ಎಲ್ಲಿ ಸಿಗುತ್ತದೆ, ಸಾಯಂಕಾಲ ಹೊತ್ತು ಕಳೆಯಲು ಎಲ್ಲಿಗೆ ಹೋಗಬೇಕು ಎಂಬ ಎರಡು ಪ್ರಶ್ನೆ. ಇದಕ್ಕೆ ಉತ್ತರ ಹೇಳುವವರು ನಾಗಲಕ್ಷ್ಮಮ್ಮ. ಅವರ ಯಜಮಾನರು ಹೊಲದಲ್ಲಿ ಸಾಲುಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾರೆ. ಟ್ರಂಕು ಇಳಿಸುವ ಮೊದಲೇ ನಾಗಲಕ್ಷ್ಮಮ್ಮ ಬಾಗಿಲಲ್ಲಿ ನಿಂತಿರುತ್ತಾರೆ. "ಮಿಲಿಟರಿ ಹೋಟ್ಲಿಗೆ ಹೋಗ್ಬೇಡಿ, ಯಾವ ಮಾಂಸವೋ ಏನೋ. ಕಾಫಿ ಕ್ಲಬ್ಬಲ್ಲಿ ಹಾಲಿಗೆ ನೀರು. ಟೆಂಟ್ ಮುಂದೆ ಭದ್ರಮ್ಮನ ಇಡ್ಲಿ ಪರವಾಗಿಲ್ಲ, ಚಟ್ನಿ ಮಾತ್ರ ಕೇಳ್ಬೇಡಿ. ರಾಮಮಂದಿರದಲ್ಲಿ ಹರಿಕಥೆ ಇರುತ್ತೆ, ಚಪ್ಲಿ ಕೈಲೇ ಹಿಡ್ಕೊಂಡು ಕೂತ್ಕೊಳಿ. ಫ್ಯಾಕ್ಟ್ರಿಯೋರು ನಾಟ್ಕ ಆಡ್ತಾರೆ, ಮುಗಿಯೋ ಹೊತ್ತಿಗೆ ಬಸ್ ಇರಲ್ಲ. ಟೆಂಟ್‌ಗೆ ಹೋಗ್ಬೋದು. ಆದ್ರೆ ಕರೆಂಟ್ ಹೋದಾಗ ಕತ್ತಿನ ಸರ ಗಟ್ಟಿಯಾಗಿ ಹಿಡ್ಕೊಳಿ."

ಕೇಳಿದವರಿಗೆ ಎಲ್ಲಿಗೂ ಹೋಗಲು ಭಯ. ಆದರೂ ಭಾನುವಾರ ಎಲ್ಲರೂ ಟೆಂಟಿಗೇ ಬರುತ್ತಾರೆ.

ಚಿಕ್ಕಮುನಿಯಮ್ಮ ಇದೇ ಊರಿನವರು. ಅವರ ಮನೆಯವರು ಊರ ದೊಡ್ಡವರೊಬ್ಬರ ಹೊಲವನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಕರಾರಿಗೆ, ಮಾಡುತ್ತಿದ್ದರು. ಕಾರ್ಖಾನೆಯವರು ಬಂದಾಗ ಹೊಲದವರು ಹೊಲ ಮಾರಿದರು. ಉತ್ತವರ ಕೈಯಲ್ಲಿ ನೇಗಿಲು ಉಳಿಯಿತು, ಅದನ್ನೂ ಆಮೇಲೆ ಒಲೆಗೆ ಹಾಕಿದ್ದಾಯಿತು. ಗಂಡ ಲಾರಿಗೆ ಕಲ್ಲು ತುಂಬಲು ಹೋಗಿ ಬೆನ್ನು ಹಿಡಿಸಿಕೊಂಡು ಮನೆಯಲ್ಲಿ ಕೂತರು. ಟೆಂಟಿನವರು ಮರಳು ಜಾಲಿಸಲು ಆಳು ಹುಡುಕುತ್ತಿದ್ದಾಗ ಚಿಕ್ಕಮುನಿಯಮ್ಮ ತಾವೇ ಬಂದು ನಿಂತರು. "ಕಣದಲ್ಲಿ ರಾಗಿ ಜಾಲ್ಸಿದ್ ಕೈ. ರಾಗೀಲಿ ಕಲ್ಲು ಉಡ್ಕ್ತಿದ್ವಿ, ಇಲ್ಲಿ ಕಲ್ಲಲ್ಲಿ ಕಸ ಉಡುಕ್ತೀನಿ. ಅಷ್ಟೇಯ."

ಕಸದ ಜೊತೆಗೆ ಬೇರೆಯವೂ ಸಿಗುತ್ತವೆ. ಬೀಗದ ಕೈ, ಕನ್ನಡಕದ ಒಂದು ಕಾಲು, ಮಗುವಿನ ಕಾಲುಗೆಜ್ಜೆ, ಒಂಟಿ ಚಪ್ಪಲಿ. ಒಮ್ಮೆ ಕಟ್ಟಿಸಿದ ಹಲ್ಲಿನ ಸೆಟ್ಟೇ ಸಿಕ್ಕಿತ್ತು. ಕಾರ್ಖಾನೆಯ ಪಾಸು ಸಿಕ್ಕಿದರೆ ಚಿಕ್ಕಮುನಿಯಮ್ಮನಿಗೆ ಸಮಾಧಾನ. "ಅದ್ರಲ್ಲಿ ಮುಖ ಇರ್ತದೆ. ಬಂದೋನ ಮುಖ ನೋಡಿ ಕೊಟ್ಬುಡ್ಬೌದು. ಬೇರೇದಕ್ಕೆ ಯಾರ್ನ ನಂಬೋದು?"

ಅವರು ಸುಲಭಕ್ಕೆ ಯಾರನ್ನೂ ನಂಬುವುದಿಲ್ಲ. ವಸ್ತು ಕೇಳಿಕೊಂಡು ಬಂದವರಿಗೆ ಏನು ಸಿಕ್ಕಿದೆ ಎಂದು ಹೇಳುವುದೂ ಇಲ್ಲ, ತೋರಿಸುವುದೂ ಇಲ್ಲ. "ನೆನ್ನೆ ಎಲ್ಲಿ ಕೂತಿದ್ರೋ ಅಲ್ಲೇ ಓಗಿ ಕೂತ್ಕೊಂಡು ತೋರ್ಸಿ," ಎನ್ನುತ್ತಾರೆ. ನಿಜವಾಗಿ ಕಳೆದುಕೊಂಡವರು ನೆಟ್ಟಗೆ ಹೋಗಿ ಕೂತು, ಕಳೆದ ವಸ್ತು ಇದ್ದ ಜಾಗವನ್ನು ತಮಗೇ ಗೊತ್ತಿಲ್ಲದೆ ಮುಟ್ಟಿಕೊಳ್ಳುತ್ತಾರಂತೆ. ಓಲೆ ಕಳೆದವರ ಕೈ ಕಿವಿಗೆ ಹೋಗುತ್ತದೆ, ವಾಚು ಕಳೆದವರ ಕೈ ಮಣಿಕಟ್ಟಿಗೆ. ಸುಳ್ಳು ಹೇಳುವವರು ಮೊದಲು ಸುತ್ತ ನೋಡುತ್ತಾರೆ. ಒಬ್ಬ ಹೀಗೆಯೇ ವಾಚು ತನ್ನದೆಂದು ಬಂದು, ಕಂಬದ ಬುಡದಲ್ಲಿ ಕಾಲು ಚಾಚಿ ಕೂತ. "ನೆನ್ನೆ ಅಲ್ಲಿ ಸೋಡಾ ಕ್ರೇಟು ಇಟ್ಟಿದ್ರು ಗುರು. ನೀನು ಸೋಡಾ ಬುಡ್ಡಿ ಮ್ಯಾಲೆ ಕೂತಿದ್ದಾ?" ಎಂದರು ಚಿಕ್ಕಮುನಿಯಮ್ಮ. ಅವನು ಎದ್ದವನು ಹಿಂದೆ ತಿರುಗಲಿಲ್ಲ.

ಅವರದು ಇನ್ನೊಂದು ಕಟ್ಟಳೆ. ಸಿಕ್ಕಿದ್ದು ಹೇಗೆ ಸಿಕ್ಕಿತೋ ಹಾಗೆಯೇ ಕೊಡಬೇಕು. ಗಂಟಿದ್ದರೆ ಬಿಚ್ಚಬಾರದು, ಪರ್ಸು ಇದ್ದರೆ ತೆರೆಯಬಾರದು. "ಬಿಚ್ಚಿದ್ರೆ ಒಳಗೆ ಎರಡಿತ್ತು ಒಂದೇ ಐತೆ ಅಂತಾರೆ. ಬಿಚ್ದೇ ಇದ್ರೆ ಯಾರ್ ಏನಂದಾರು?"

ಈ ಕಟ್ಟಳೆಯೇ ಅವರಿಗೆ ಮುಳುವಾಯಿತು.

ನಾಗಲಕ್ಷ್ಮಮ್ಮನ ಸಾಲುಮನೆಗೆ ಗಣೇಶನ ಹಬ್ಬದ ಸುಮಾರಿಗೆ ತಿಪಟೂರು ಕಡೆಯ ಜಯಸಿಂಹ ಎಂಬವರ ಸಂಸಾರ ಬಂತು. ಅವರು ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರು. ಹೆಂಡತಿ ವಾಸಂತಿ ಮದುವೆಯಾಗಿ ವರ್ಷ ತುಂಬದ ಹುಡುಗಿ. ಕಾರ್ತಿಕದ ಒಂದು ಭಾನುವಾರ ಇಬ್ಬರೂ ಮೊದಲನೇ ಆಟಕ್ಕೆ ಹೋದರು. ಟೆಂಟಿನಲ್ಲಿ ಗಂಡಸರ ಕಡೆ ಬೇರೆ, ಹೆಂಗಸರ ಕಡೆ ಬೇರೆ, ನಡುವೆ ತಡಿಕೆ. ಆಟ ನಡೆಯುತ್ತಿದ್ದಾಗ ಕರೆಂಟು ಹೋಯಿತು, ಸ್ವಲ್ಪ ಹೊತ್ತಿಗೆ ಬಂತು. ಆಟ ಮುಗಿಯಿತು. ಮಾರನೆಯ ಬೆಳಿಗ್ಗೆ ನೋಡಿದರೆ ವಾಸಂತಿಯ ಕತ್ತಿನಲ್ಲಿ ತಾಳಿಸರ ಇರಲಿಲ್ಲ.

ಜಯಸಿಂಹ ಡ್ಯೂಟಿ ಬಿಟ್ಟು ಹೆಂಡತಿಯನ್ನು ಕರೆದುಕೊಂಡು ಟೆಂಟಿಗೆ ಬಂದರು. ಜೊತೆಗೆ ನಾಗಲಕ್ಷ್ಮಮ್ಮನೂ ಬಂದರು.

"ಕಳ್ಳರು ಹೊರಗಿಂದ ಬರ್ಬೇಕಾ?" ಎಂದು ನಾಗಲಕ್ಷ್ಮಮ್ಮ ಜರಡಿಯ ಕಡೆ ಗದ್ದ ಎತ್ತಿ ತೋರಿಸಿದರು. "ದಿನಾ ಬೆಳಿಗ್ಗೆ ಇಷ್ಟಗಲ ಟೆಂಟಲ್ಲಿ ಒಬ್ಳೇ. ಏನೇನು ಸಿಕ್ತೋ, ಏನೇನು ಕೊಟ್ಳೋ, ನೋಡಿದೋರು ಯಾರು?"

"ಸಿಗ್ಲಿಲ್ಲ ಅಂದ್ರೆ ಸ್ಟೇಷನ್ನಿಗೆ ಹೋಗೋದೇ," ಎಂದರು ಜಯಸಿಂಹ.

ಸ್ಟೇಷನ್ನು ಎಂದ ಕೂಡಲೇ ಆಂಜಿನಪ್ಪನಿಗೆ ಟೆಂಟಿನ ಲೈಸೆನ್ಸು ಕಣ್ಣ ಮುಂದೆ ಬಂತು. "ಚಿಕ್ಕಮುನಿಯಮ್ಮ, ಮ್ಯಾಟಿನಿ ಒಳಗೆ ಸರ ಸಿಗ್ಬೇಕು. ಇಲ್ದಿದ್ರೆ ನಾಳೆಯಿಂದ ಬರ್ಬೇಡ. ಪೊಲೀಸ್ನೋರ ಹತ್ರ ನೀನೇ ಮಾತಾಡ್ಕೋ."

ಚಿಕ್ಕಮುನಿಯಮ್ಮ ಗಾಬರಿಯಾಗಲಿಲ್ಲ. ಎಲ್ಲರಿಗೂ ಹೇಳುವುದನ್ನೇ ವಾಸಂತಿಗೂ ಹೇಳಿದರು. "ಎಲ್ಲಿ ಕೂತಿದ್ಯವ್ವ, ಅಲ್ಲಿ ಕೂತ್ಕೊಂಡು ತೋರ್ಸು."

ವಾಸಂತಿ ತಡಿಕೆಯ ಪಕ್ಕ ಹೋಗಿ ಕೂತಳು. ಸರ ಕತ್ತಿನಿಂದ ಜಾರಿದ್ದರೆ ಕೈ ಕತ್ತಿಗೆ ಹೋಗಬೇಕಿತ್ತು. ಹೋಗಲಿಲ್ಲ. ಕೂತವಳ ಬಲಗೈ ಮೆಲ್ಲಗೆ ತೊಡೆಯ ಪಕ್ಕದ ಮರಳಿಗೆ ಇಳಿಯಿತು, ಬೆರಳು ಒಳಗೆ ಹೊಕ್ಕಿತು. ಚಿಕ್ಕಮುನಿಯಮ್ಮ ಆ ಕೈಯನ್ನು ನೋಡಿದರು, ಆಮೇಲೆ ಮುಖ ನೋಡಿದರು. ವಾಸಂತಿ ದೂರದಲ್ಲಿ ನಿಂತಿದ್ದ ಗಂಡನ ಕಡೆ ಒಂದು ಸಲ ನೋಡಿ, ಬೇರೆ ಯಾರಿಗೂ ಕಾಣದಷ್ಟು ಮೆಲ್ಲಗೆ ತಲೆಯಾಡಿಸಿದಳು. ಬೇಡ, ಹೇಳಬೇಡಿ ಎಂಬಂತೆ.

"ಆವಾಗ್ಲೇ ಗೊತ್ತಾಯ್ತು. ಕತ್ಲಾದಾಗ ಇವ್ಳೇ ಬಿಚ್ಚಿ ಊತವ್ಳೆ," ಎನ್ನುತ್ತಾರೆ ಚಿಕ್ಕಮುನಿಯಮ್ಮ. "ತಾಳಿ ಕೈಯಾರ ತೆಗ್ದೆ ಅಂತ ಗಂಡನ್ ಮುಂದೆ ಎಂಗೆ ಏಳ್ತಾಳೆ? ನಾನಾದ್ರೂ ಎಂಗೆ ಏಳ್ಲಿ? ಏಳಿದ್ರೆ ಯಾರ್ ನಂಬ್ತಾರೆ? ಕಳ್ಳಿ ಬಾಯಲ್ಲಿ ಇನ್ನೇನ್ ಬರ್ತದೆ ಅಂತಾರೆ."

ಹೂತ ಜಾಗದಲ್ಲಿ ಸರ ಇರಲಿಲ್ಲ. ಇಂಟರ್‌ವಲ್ಲಿನಲ್ಲಿ ಮುಂದೆ ಕೂತವರು ಹಿಂದಿನ ಮರಳು ಬಾಚಿಕೊಂಡಿದ್ದರು. ಚಿಕ್ಕಮುನಿಯಮ್ಮ ಒಂದೊಂದೇ ಗುಡ್ಡೆ ಒಡೆಯುತ್ತಾ ಮುಂದೆ ಹೋದರು. ಬಿಸಿಲು ಏರಿತು, ಭದ್ರಮ್ಮನ ಇಡ್ಲಿ ಮುಗಿಯಿತು. ನಾಗಲಕ್ಷ್ಮಮ್ಮ ನಿಂತು ನಿಂತು ಬೇಜಾರಾಗಿ ಬೆಂಚಿನ ಮೇಲೆ ಕೂತರು. ಕೊನೆಗೆ ಜರಡಿಯ ಮೇಲೆ ಒಂದು ಪುಟ್ಟ ಪೊಟ್ಟಣ ಉಳಿಯಿತು. ಅದು ಕಡಲೆಕಾಯಿ ಕಟ್ಟಿಕೊಡುವ ಹಳೆಯ ಪೇಪರಿನದು. ಅದರ ಸುತ್ತ ಮಲ್ಲಿಗೆ ದಾರ ಬಿಗಿಯಾಗಿ ಸುತ್ತಿ ಗಂಟು ಹಾಕಿತ್ತು.

ಬಿಚ್ಚಿ, ಕಾಗದ ಕಸಕ್ಕೆ ಹಾಕಿ, ಸರವನ್ನಷ್ಟೇ ಮರಳಿನಿಂದ ಎತ್ತಿದಂತೆ ಕೊಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬಿದ್ದ ಸರ ಸಿಕ್ಕಿತು ಎಂದು ಎಲ್ಲರೂ ಮನೆಗೆ ಹೋಗುತ್ತಿದ್ದರು. ಆದರೆ ಚಿಕ್ಕಮುನಿಯಮ್ಮ ಮೂರು ವರ್ಷದ ಅಭ್ಯಾಸ ಬಿಡಲಿಲ್ಲ. ಪೊಟ್ಟಣವನ್ನು ಕಟ್ಟಿದಂತೆಯೇ ತಂದು ಜಯಸಿಂಹನ ಕೈಗೆ ಇಟ್ಟರು.

ಜಯಸಿಂಹ ದಾರ ಕಿತ್ತು ನೋಡಿದರು. ಸರ ಇತ್ತು.

ನಾಗಲಕ್ಷ್ಮಮ್ಮ ಎದ್ದು ಬಂದರು. "ಜಾರಿ ಬಿದ್ದ ಸರ ತಾನೇ ಪೇಪರ್ ಸುತ್ಕೊಂಡು ದಾರ ಕಟ್ಕೊಳ್ತಾ? ಕಟ್ಟಿ ಮಡಗಿದ್ಳು ಕಣ್ರೀ. ಪೊಲೀಸ್ ಅಂದ್ರಲ್ಲ, ತಂದು ಕೊಟ್ಳು."

ಎಲ್ಲರೂ ಚಿಕ್ಕಮುನಿಯಮ್ಮನನ್ನು ನೋಡಿದರು. ಚಿಕ್ಕಮುನಿಯಮ್ಮ ವಾಸಂತಿಯನ್ನು ನೋಡಿದರು. ವಾಸಂತಿ ನೆಲ ನೋಡುತ್ತಿದ್ದಳು.

ವಸ್ತು ಸಿಕ್ಕಿದ್ದರಿಂದ ಪೊಲೀಸರ ಮಾತು ನಿಂತಿತು. ಮರಳು ಜಾಲಿಸಲು ಬೇರೆ ಯಾರೂ ಒಪ್ಪದ ಕಾರಣ ಕೆಲಸವೂ ಉಳಿಯಿತು. ಆದರೆ ಮಾರನೆಯ ಬೆಳಿಗ್ಗೆಯಿಂದ ಆಂಜಿನಪ್ಪ ಬೆಂಚಿನ ಮೇಲೆ ಬಂದು ಕೂರತೊಡಗಿದರು. ಚಿಕ್ಕಮುನಿಯಮ್ಮ ಬೀದಿಯಲ್ಲಿ ನಡೆದರೆ ಹೆಂಗಸರು ಸೆರಗು ಕತ್ತಿಗೆ ಎಳೆದುಕೊಳ್ಳತೊಡಗಿದರು. ನಾಗಲಕ್ಷ್ಮಮ್ಮ ಹೊಸಬರಿಗೆ ಹೇಳುವ ಮಾತಿಗೆ ಇನ್ನೊಂದು ಸೇರಿತು. "ಟೆಂಟ್‌ಗೆ ಹೋಗೋದಾದ್ರೆ ಒಡವೆ ಮನೇಲಿಟ್ಟು ಹೋಗಿ. ಅಲ್ಲೊಬ್ಳು ಜರಡಿಯೋಳಿದಾಳೆ."

ಚಿಕ್ಕಮುನಿಯಮ್ಮನಿಗೂ ಜನರ ಮೇಲೆ ಇದ್ದ ನಂಬಿಕೆ ಇನ್ನಷ್ಟು ಕಡಿಮೆಯಾಯಿತು. ಮರಳಲ್ಲಿ ಹೊಳೆಯುವುದು ಕಂಡರೆ ಮುಟ್ಟುವ ಮೊದಲು ಆಂಜಿನಪ್ಪನನ್ನು ಕರೆಯುತ್ತಾರೆ. "ಇವ್ರೇ ಪರೀಕ್ಷೆ ಮಾಡಕ್ಕೆ ಏನಾದ್ರೂ ಉದುರ್ಸಿ ಓಗಿರ್ತಾರೆ ಅಂತ ಅನುಮಾನ. ಒಂದಿನ ಇಪ್ಪತ್ ಪೈಸೆ ಸಿಕ್ತು. ನಿಮ್ದೇ ಅಲ್ವಾ ಸಾಮಿ ಅಂದೆ. ಮುಖ ಕೆಂಪಾಯ್ತು."

"ಅದು ನನ್ದೇ. ಜೇಬಿಂದ ಬಿದ್ದಿತ್ತು," ಎಂದು ಆಂಜಿನಪ್ಪ ಬೆಂಚಿನಿಂದಲೇ ಗೊಣಗುತ್ತಾರೆ.

ವಾಸಂತಿ ಆಮೇಲೆ ಟೆಂಟಿನ ಕಡೆ ಸುಳಿಯಲಿಲ್ಲ. ಗಂಡ ಕರೆದರೂ ತಲೆನೋವು ಎಂದಳು. ಸಂಕ್ರಾಂತಿ ಕಳೆದ ಮೇಲೆ ಪಕ್ಕದ ಮನೆಗೆ ಪ್ರಭಾ ಎಂಬ ಹೊಸ ಹುಡುಗಿಯ ಸಂಸಾರ ಬಂತು. ಪ್ರಭಾಗೆ ಒಬ್ಬಳೇ ಹೋಗಲು ಧೈರ್ಯವಿಲ್ಲ, ಜೊತೆಗೆ ಬಾ ಎಂದು ಪೀಡಿಸಿದಳು. ಒಂದು ಭಾನುವಾರ ಮ್ಯಾಟಿನಿಗೆ ಸಾಲುಮನೆಯ ಹೆಂಗಸರೆಲ್ಲ ಹೊರಟರು. ವಾಸಂತಿಯೂ ಹೋಗಲೇಬೇಕಾಯಿತು. ಜಯಸಿಂಹನಿಗೂ ರಜೆ, ಅವರೂ ಬಂದರು.

ಆಟಕ್ಕೆ ಇನ್ನೂ ಹೊತ್ತಿತ್ತು. ಎಲ್ಲರೂ ಭದ್ರಮ್ಮನ ಇಡ್ಲಿ ಗಾಡಿಯ ಮುಂದೆ ನಿಂತಿದ್ದರು. ಚಿಕ್ಕಮುನಿಯಮ್ಮ ನೀರು ಚಿಮುಕಿಸಿ ಮುಗಿಸಿ, ಖಾಲಿ ಕೊಡ ಹಿಡಿದು ಹೊರಗೆ ಬಂದರು. ನಾಗಲಕ್ಷ್ಮಮ್ಮ ಪ್ರಭಾಳನ್ನು ಮೊಣಕೈಯಿಂದ ತಿವಿದರು.

"ಇವಳೇ ನೋಡಮ್ಮ. ನಾನು ಹೇಳಿರ್ಲಿಲ್ವಾ? ನಮ್ಮ ವಾಸಂತಿಯ ಸರಾನ ಇವ್ಳು ಪೊಟ್ಟಣ ಕಟ್ಟಿ ಇಟ್ಕೊಂಡಿದ್ಳು. ಕೇಳು ಬೇಕಾದ್ರೆ, ಇಲ್ಲೇ ಇದಾಳಲ್ಲ."

ಪ್ರಭಾ ತನ್ನ ಹೊಸ ತಾಳಿಸರವನ್ನು ಸೆರಗಿನ ಒಳಗೆ ತಳ್ಳಿದಳು. ಸುತ್ತಮುತ್ತ ನೋಡಿ, ಅದನ್ನು ಬಿಚ್ಚಿ ಎಲ್ಲಿ ಇಡಲಿ ಎಂಬಂತೆ ಕೊಂಡಿಗೆ ಕೈ ಹಾಕಿದಳು.

ಅದನ್ನು ನೋಡಿದ ವಾಸಂತಿ ಅವಳ ಕೈ ಹಿಡಿದಳು. "ಬಿಚ್ಬೇಡ," ಎಂದಳು. "ನಾನು ಹೀಗೇ ಬಿಚ್ಚಿದ್ದು."

"ಏನಂದೆ?" ಎಂದರು ನಾಗಲಕ್ಷ್ಮಮ್ಮ.

"ಯಾರೂ ಕದೀಲಿಲ್ಲ ಕಣ್ರೀ. ಕತ್ತು ಹಿಡ್ಕೋ ಅಂತ ನೀವೇ ಹೇಳಿದ್ರಿ. ಕರೆಂಟ್ ಹೋಯ್ತು, ಭಯ ಆಯ್ತು. ನಾನೇ ಬಿಚ್ಚಿ ಕಡಲೆಕಾಯಿ ಪೇಪರಲ್ಲಿ ಸುತ್ತಿ, ಮುಡಿದಿದ್ದ ಹೂವಿನ ದಾರ ಕಟ್ಟಿ ಮರಳಲ್ಲಿ ಹೂತೆ. ಅದರ ಮೇಲೇ ಕೂತಿದ್ದೆ. ಇಂಟರ್‌ವಲ್ಲಲ್ಲಿ ಇವರು ಸೋಡಾಗೆ ಕರೆದ್ರು, ಎದ್ದು ಹೋದೆ. ಬರೋ ಹೊತ್ತಿಗೆ ಗುಡ್ಡೆನೇ ಇರ್ಲಿಲ್ಲ. ಈಯಮ್ಮನಿಗೆ ಅವತ್ತೇ ಗೊತ್ತಾಯ್ತು. ನನ್ನ ಮುಖ ನೋಡಿ ಬಾಯಿ ಬಿಡ್ಲಿಲ್ಲ."

ಭದ್ರಮ್ಮ ಇಡ್ಲಿ ಹಾಕುತ್ತಿದ್ದ ಸೌಟನ್ನು ಹಾಗೆಯೇ ಹಿಡಿದಿದ್ದರು. ಜಯಸಿಂಹ ಹೆಂಡತಿಯನ್ನು ಒಂದು ಗಳಿಗೆ ನೋಡಿದರು. "ತಾಳಿ ನೀನೇ ತೆಗೆದ್ಯಾ?" ಎಂದು ಕೇಳಿದರು.

"ಹೂಂ. ನಾನೇ."

"ಅವತ್ತೇ ಹೇಳೋಕೇನಾಗಿತ್ತು?"

"ಇವತ್ತು ಕೇಳಿದ್ರಲ್ಲ, ಇದೇ ದನಿಯಲ್ಲಿ ಅವತ್ತೂ ಕೇಳ್ತಿದ್ರಿ."

ಜಯಸಿಂಹ ಚಿಕ್ಕಮುನಿಯಮ್ಮನ ಕಡೆ ತಿರುಗಿ ಕೈ ಮುಗಿದರು. ನಾಗಲಕ್ಷ್ಮಮ್ಮನಿಗೆ ಮಾತ್ರ ಸಮಾಧಾನವಾಗಲಿಲ್ಲ. "ಇಷ್ಟು ದಿನ ಸುಮ್ನಿದ್ದು ಈಗ ಹೇಳ್ತೀಯಲ್ಲ, ಏನು ಕೊಟ್ಳು ನಿಂಗೆ?" ಎಂದರು. ಭದ್ರಮ್ಮ, "ಚಟ್ನಿ ಬೇಕಾ ನಾಗಲಕ್ಷ್ಮಮ್ಮ? ಕೇಳ್ಬೇಡಿ ಅಂತ ಎಲ್ರಿಗೂ ಏಳ್ತೀರಂತೆ," ಎಂದರು. ಸುತ್ತ ನಿಂತವರು ನಕ್ಕರು.

ಟಿಕೆಟ್ ಗೂಡಿನಿಂದ ಆಂಜಿನಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರು ಹೊರಗೆ ಬರಲಿಲ್ಲ.

ಚಿಕ್ಕಮುನಿಯಮ್ಮನಿಗೆ ಸಂತೋಷವಾಯಿತೇ ಎಂದರೆ ಅವರು ಸುಲಭಕ್ಕೆ ಒಪ್ಪುವುದಿಲ್ಲ. "ನಾಗಲಕ್ಷ್ಮಮ್ಮ ಕೇಳಿದ್ದು ನಂಗೂ ಅನ್ನುಸ್ತು ಬುಡಿ. ಈಗ್ಯಾಕೆ ಏಳ್ತಾವ್ಳೆ ಇವ್ಳು? ಮತ್ತೆ ಏನಾದ್ರೂ ಕಳ್ಕೊಂಡವ್ಳಾ ಅಂತ ಕತ್ತು ನೋಡ್ದೆ. ಸರ ಇತ್ತು. ಆಮ್ಯಾಕೆ ಕಣ್ಣು ನೋಡ್ದೆ, ನೀರು ತುಂಬ್ಕೊಂಡಿತ್ತು. ಓಗ್ಲಿ, ಇನ್ನೂ ಚಿಕ್ಕುಡ್ಗಿ." ಆಟ ಬಿಟ್ಟ ಮೇಲೆ ವಾಸಂತಿ ಅವರ ಹತ್ತಿರ ಬಂದು ಕಾಲು ಮುಟ್ಟಲು ಬಗ್ಗಿದಳಂತೆ. ಇವರು ಹಿಂದೆ ಸರಿದರು. "ಮರಳಲ್ಲಿ ಬಗ್ಬೇಡ ಕಣವ್ವ, ಮತ್ತೆ ಏನಾದ್ರೂ ಉದುರ್ಸೀಯ," ಎಂದರಂತೆ.

ಇದು ಅದರ ಮಾರನೆಯ ದಿನ, ಸೋಮವಾರದ ಬೆಳಗು. ಚಿಕ್ಕಮುನಿಯಮ್ಮ ಟೆಂಟಿನೊಳಗೆ ಬರುತ್ತಾರೆ. ಬೆಂಚು ಖಾಲಿ ಇದೆ. ಮಂಕರಿ ಎತ್ತಿಕೊಳ್ಳುವ ಮೊದಲು ಸ್ವಲ್ಪ ಹೊತ್ತು ಕಾಯುತ್ತಾರೆ, ಯಾರೂ ಬರುವುದಿಲ್ಲ. ಅವರಿಗೆ ಇದು ಸರಿಬರುವುದಿಲ್ಲ. ತಡಿಕೆಯ ಆಚೆ ಇಣುಕುತ್ತಾರೆ. ಪರದೆಯ ಹಿಂದೆ ಹೋಗಿ ನೋಡುತ್ತಾರೆ. ಪ್ರೊಜೆಕ್ಟರ್ ಕೋಣೆಯ ಕಿಂಡಿಯಲ್ಲಿ ಕಣ್ಣೇನಾದರೂ ಇದೆಯೇ ಎಂದು ಕತ್ತೆತ್ತಿ ನೋಡುತ್ತಾರೆ. ಕೊನೆಗೆ ಹೊರಗೆ ಬಂದು, ಮ್ಯಾನೇಜರು ಮಲಗುವ ಶೆಡ್ಡಿನ ಬಾಗಿಲಿಗೆ ಕಿವಿ ಕೊಡುತ್ತಾರೆ. ಒಳಗಿನಿಂದ ಆಂಜಿನಪ್ಪನವರ ಗೊರಕೆ ಕೇಳಿಸುತ್ತದೆ. ನಿಜವಾದ ಗೊರಕೆಯೋ ಅಲ್ಲವೋ ಎಂದು ಇನ್ನೊಂದಿಷ್ಟು ಹೊತ್ತು ನಿಂತು ಕೇಳುತ್ತಾರೆ.

ಒಲೆ ಹೊತ್ತಿಸುತ್ತಿದ್ದ ಭದ್ರಮ್ಮ ಗಾಡಿಯ ಹಿಂದಿನಿಂದ ಕೇಳುತ್ತಾರೆ. "ಏನಕ್ಕ, ಕಾವಲಿಲ್ವಾ ಇವತ್ತು?"

ಚಿಕ್ಕಮುನಿಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ.

"ನಂಬ್ಬುಟ್ರು ಅಂತ ಕಾಣ್ತದೆ ಕಣೆ," ಎನ್ನುತ್ತಾರೆ. "ಇನ್ಮೇಲೆ ಇನ್ನೂ ಉಷಾರಾಗಿರ್ಬೇಕು."